ಬಾಯಿ ಕಾಯುತ್ತಿದ್ದ ಮಾವ

ನಮ್ಮ ಮಾವನವರ ಉದ್ಯೋಗ ಹೆದರುವುದು. ಗುರುತಿನ ಚೀಟಿಯಲ್ಲಿ ಬೇರೇನೋ ಗಂಭೀರವಾದ ಪದ ಅಚ್ಚಾಗಿತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ಹಡಗು ಕಟ್ಟುವ ಯಾರ್ಡಿನಲ್ಲಿ ಅವರ ಹೆಸರು ಪುಕ್ಕಲಣ್ಣ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವರೂ "ಏನಪ್ಪಾ?" ಎಂದು ಓಗೊಡುತ್ತಿದ್ದರು. ಮೂವತ್ತೆರಡು ವರ್ಷ ಹೆದರಿಕೊಂಡೇ ದುಡಿದರು, ಹೆದರಿಕೊಂಡೇ ನಿವೃತ್ತರಾದರು. ಈಗ ಮನೆಯಲ್ಲಿ ಕೂತು ನಮ್ಮ ಅಡುಗೆ ಒಲೆಗೆ ಹೆದರುತ್ತಾರೆ. ಅವರನ್ನು ಗೇಲಿ ಮಾಡಿದವರಲ್ಲಿ ಮೊದಲಿಗ ನಾನೇ. ಆದ್ದರಿಂದ ಅವರ ವಿಷಯ ಬರೆಯುವುದೂ ನನ್ನ ಪಾಲಿಗೇ ಬಂದಿದೆ.

ನಮ್ಮ ಯಾರ್ಡಿನಲ್ಲಿ ಕಟ್ಟುತ್ತಿದ್ದದ್ದು ಕಚ್ಚಾ ಎಣ್ಣೆ ಸಾಗಿಸುವ ಹಡಗುಗಳು. ಒಂದೊಂದೂ ಒಂದು ಬೀದಿಯಷ್ಟು ಉದ್ದ. ಇಂಥ ಹಡಗಿನ ಹೊಟ್ಟೆಗೆ ಎರಡು ಪದರ. ಹೊರಗಿನದು ಹರಿದರೂ ಒಳಗಿನದು ಎಣ್ಣೆಯನ್ನು ಹಿಡಿದುಕೊಳ್ಳಲಿ ಎಂದು. ಆ ಎರಡರ ನಡುವಿನ ಜಾಗ ಆಳೆತ್ತರಕ್ಕಿಂತ ತುಸು ಹೆಚ್ಚು. ಅದನ್ನು ಉಕ್ಕಿನ ಅಡ್ಡಗೋಡೆ ಹಾಕಿ ಖಾನೆ ಖಾನೆ ಮಾಡಿರುತ್ತಾರೆ. ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಲು ಗೋಡೆಯಲ್ಲೊಂದು ಕಂಡಿ. ಹೊಟ್ಟೆ ಬಂದವನು ಉಸಿರು ಒಳಗೆಳೆದುಕೊಂಡು ತೂರಬೇಕು. ಕಿಟಕಿಯಿಲ್ಲ, ಬಾಗಿಲಿಲ್ಲ. ಇಂಥ ಕೆಲವು ಖಾನೆ ಸೇರಿದರೆ ಒಂದು ತೊಟ್ಟಿ. ಒಂದೊಂದು ತೊಟ್ಟಿಗೂ ಮೇಲಿನಿಂದ ಇಳಿಯುವುದಕ್ಕೆ ಒಂದೇ ಒಂದು ರಂಧ್ರ, ಅದರೊಳಗೊಂದು ಕಬ್ಬಿಣದ ಏಣಿ. ಆ ರಂಧ್ರಕ್ಕೆ ನಾವು ಬಾಯಿ ಎನ್ನುತ್ತಿದ್ದೆವು. ಮಾವ ಬಾಯಿ ಕಾಯುವವರು.

ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಬಾಯಿಯ ಪಕ್ಕ ಕೂರುತ್ತಿದ್ದರು. ಯಾರಾದರೂ ಇಳಿಯುವ ಮೊದಲು ಗಾಳಿ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು ನೋಡುವುದು, ಇಳಿದವರ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕುವುದು, ಹತ್ತಿ ಬಂದಾಗ ವಾಪಸು ಕೊಡುವುದು. ಇಷ್ಟೇ ಕೆಲಸ. ಮಾವ ಇದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದರು. ಐದು ನಿಮಿಷಕ್ಕೊಮ್ಮೆ ಬಗ್ಗಿ "ಇದ್ದೀರಾ?" ಎಂದು ಕೂಗುವುದು. ಒಳಗಿನವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

"ಇನ್ನೂ ಸತ್ತಿಲ್ಲ ಕಣಣ್ಣಾ. ಸತ್ರೆ ನಾವೇ ಹೇಳ್ತೀವಿ," ಎಂದು ಬೆಸುಗೆಯವನೊಬ್ಬ ಕೂಗಿದ್ದ.

"ಸತ್ತ ಮೇಲೆ ಹೇಳಕ್ಕಾಗಲ್ಲಪ್ಪಾ. ಅದಕ್ಕೇ ಈಗ ಕೇಳ್ತಿರೋದು," ಎಂದಿದ್ದರು ಮಾವ, ನಗದೆ.

ಮನೆಯಲ್ಲೂ ಇದೇ ಗೋಳು. ಅತ್ತೆ ಸ್ನಾನಕ್ಕೆ ಹೋಗಿ ಹತ್ತು ನಿಮಿಷ ದಾಟಿದರೆ ಬಾಗಿಲು ಬಡಿಯುತ್ತಿದ್ದರು. "ನನಗೂ ಒಂದು ಬಿಲ್ಲೆ ಮಾಡಿಸಿಬಿಡಿ, ನೇತುಹಾಕೇ ಒಳಗೆ ಹೋಗ್ತೀನಿ," ಎಂದು ಅತ್ತೆ ಒಳಗಿನಿಂದಲೇ ಬೈಯುತ್ತಿದ್ದರು.

ಅವರು ಹುಟ್ಟುಪುಕ್ಕಲರಲ್ಲ. ಇದನ್ನು ನನಗೆ ಹೇಳಿದ್ದು ಅತ್ತೆ, ನಮ್ಮ ಮದುವೆಯಾಗಿ ವರ್ಷವಾದ ಮೇಲೆ, ಒಗೆದ ಬಟ್ಟೆ ಮಡಚುತ್ತ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಮಾವ ಉಕ್ಕಿನ ತಗಡು ಜೋಡಿಸುವ ಕೆಲಸದಲ್ಲಿದ್ದರಂತೆ. ನಾಲ್ಕು ತಿಂಗಳು ಮುಚ್ಚಿಟ್ಟಿದ್ದ ಒಂದು ತೊಟ್ಟಿಯನ್ನು ತೆರೆದರು. ಮುಚ್ಚಿಟ್ಟ ಕಬ್ಬಿಣ ಸುಮ್ಮನಿರುವುದಿಲ್ಲ. ತುಕ್ಕು ಹಿಡಿಯುತ್ತದೆ, ಹಿಡಿಯುತ್ತ ಹಿಡಿಯುತ್ತ ಒಳಗಿನ ಗಾಳಿಯ ಸತ್ವವನ್ನೆಲ್ಲ ತಿಂದುಹಾಕುತ್ತದೆ. ವಾಸನೆಯಿಲ್ಲ, ಹೊಗೆಯಿಲ್ಲ, ಒಂದು ಕೆಮ್ಮು ಕೂಡ ಬರುವುದಿಲ್ಲ. ಮೊದಲು ಇಳಿದವನು ಕುಸಿದ. ಅವನನ್ನು ಎತ್ತಲು ಎರಡನೆಯವನು ಇಳಿದ, ಅವನನ್ನು ಎತ್ತಲು ಮೂರನೆಯವನು. ನಾಲ್ಕನೆಯವರು ಮಾವ. ಏಣಿಯ ಎರಡು ಮೆಟ್ಟಿಲು ಇಳಿದಾಗ ಯಾರೋ ಹಿಂದಿನಿಂದ ಕತ್ತುಪಟ್ಟಿ ಹಿಡಿದು ಎಳೆದು ಹಾಕಿದರು. ಮಾವ ಆ ಪುಣ್ಯಾತ್ಮನಿಗೆ ಬಾಯಿಗೆ ಬಂದಂತೆ ಬೈದರಂತೆ. ಅರ್ಧ ಗಂಟೆಯ ಮೇಲೆ ಮೂರು ಹೆಣಗಳನ್ನು ಮೇಲೆತ್ತಿದರು. ಮಾವ ಮತ್ತೆ ಯಾವ ತೊಟ್ಟಿಗೂ ಇಳಿಯಲಿಲ್ಲ. ಬಾಯಿ ಕಾಯುವ ಕೆಲಸ ಕೊಡಿ ಎಂದು ಕೇಳಿ ಪಡೆದರು.

ಇಂಥವರ ಮಗಳು ನನ್ನಾಕೆ. ಅವಳಿಗೆ ಹೆದರಿಕೆಯೆಂದರೆ ಏನೆಂದೇ ಗೊತ್ತಿಲ್ಲ. ಓದು ಮುಗಿಸಿ ಅದೇ ಯಾರ್ಡಿನಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ದೀಪ, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ, ಒಂದು ಸೀಮೆಸುಣ್ಣ ಹಿಡಿದು ಖಾನೆಗಳಲ್ಲಿ ತೆವಳಿ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗುರುತು ಹಾಕಿ ಬರುವುದು ಅವಳ ಕೆಲಸ. ಸೇರುವ ದಿನ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಒಳಗೆ ಇಳೀಬೇಕಾಗುತ್ತಾ?"

"ಇಳೀದೆ ಹೇಗಪ್ಪಾ ನೋಡೋದು? ನಿಮ್ಮ ಹೆದರಿಕೆಯೆಲ್ಲ ನೀವೇ ಮುಗಿಸಿಬಿಟ್ರಿ. ನನಗೇನೂ ಉಳೀಲಿಲ್ಲ."

ಮಾವ ಬೇಡವೆನ್ನಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಯಾರ್ಡಿನ ಕಚೇರಿಗೆ ಹೋಗಿ, ಮಗಳು ಇಳಿಯುವ ಬಾಯಿಗೇ ತನ್ನನ್ನು ಹಾಕಬೇಕೆಂದು ಬರೆದುಕೊಟ್ಟು ಬಂದರು. ವಾರವಿಡೀ ಯಾರ್ಡು ನಕ್ಕಿತು. ನಾನೂ ನಕ್ಕೆ.

ನಾನು ಪೈಪಿನ ವಿಭಾಗದ ಮೇಸ್ತ್ರಿ. ನನ್ನ ತಪ್ಪು ಅರ್ಥವಾಗಬೇಕಾದರೆ ಹಡಗಿನ ಎಡಬಲ ಗೊತ್ತಿರಬೇಕು. ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತಾಗ ಎಡಗೈಗೆ ಬರುವುದು ಹಡಗಿನ ಎಡ. ನೀವು ಹಿಂದಕ್ಕೆ ತಿರುಗಿದರೂ ಅದು ತಿರುಗುವುದಿಲ್ಲ. ನಿಮ್ಮ ಕೈಯ ಎಡ ಮಾತ್ರ ನೀವು ತಿರುಗಿದ ಹಾಗೆಲ್ಲ ತಿರುಗುತ್ತದೆ. ಅದಕ್ಕೇ ನಮ್ಮಲ್ಲಿ ಎರಡು ಮಾತು: ಹಡಗೆಡ, ಕೈಯೆಡ. ನಕ್ಷೆ ಬರೆಯುವವರು ಹಾಯಾಗಿ ಹಡಗಿನ ಅರ್ಧವನ್ನಷ್ಟೇ ಬರೆದು, ಇನ್ನರ್ಧ ಇದರ ಕನ್ನಡಿ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. ಒದ್ದಾಡುವುದು ನಾವು. ಬರೀ 'ಎಡ' ಎನ್ನಬಾರದು ಎಂಬುದು ಯಾರ್ಡಿನ ಮೊದಲ ದಿನದ ಪಾಠ. ಹೊಸಬರು ಹಾಗೆಂದರೆ ನಾನೇ ಕಿವಿ ಹಿಂಡುತ್ತಿದ್ದೆ.

ಆ ದಿನ ಎಡಗಡೆಯ ಮೂರನೆಯ ತೊಟ್ಟಿಯಲ್ಲೂ ಬಲಗಡೆಯ ಮೂರನೆಯ ತೊಟ್ಟಿಯಲ್ಲೂ ಸಣ್ಣ ಸ್ಟೀಲ್ ಪೈಪುಗಳ ಕೆಲಸ ನಡೆದಿತ್ತು. ಅಂಥ ಪೈಪಿಗೆ ಬೆಸುಗೆ ಹಾಕುವಾಗ ಒಳಮೈ ಸುಡದಿರಲೆಂದು ಆರ್ಗಾನ್ ಅನಿಲ ತುಂಬಿಸುತ್ತಾರೆ. ಅದು ವಿಷವಲ್ಲ. ಗಾಳಿಗಿಂತ ಭಾರ, ಅಷ್ಟೇ. ತಗ್ಗಿನಲ್ಲಿ ನೀರಿನಂತೆ ನಿಂತು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಹಡಗಿನ ಮೇಲೆ ಒಂದು ಕಂಬ, ಅದರಲ್ಲಿ ಎರಡು ನಲ್ಲಿ. ಒಂದರಿಂದ ಎಡ ತೊಟ್ಟಿಗೆ ಮೂರು ರಬ್ಬರ್ ಪೈಪು, ಇನ್ನೊಂದರಿಂದ ಬಲಕ್ಕೆ ಮೂರು. ಎಡಗಡೆಯ ಕೆಲಸ ಊಟಕ್ಕೆ ಮುಂಚೆಯೇ ಮುಗಿಯಿತು. ರಬ್ಬರ್ ಪೈಪುಗಳನ್ನು ಹೊರಗೆಳೆದು ಸುತ್ತಿಡಬೇಕೆಂಬುದು ನಿಯಮ. ನಲವತ್ತು ಮೀಟರ್ ಎಳೆಯುವವರಾರು, ಮಧ್ಯಾಹ್ನ ತಿದ್ದುಪಡಿ ಬಂದರೆ ಮತ್ತೆ ಒಳಗೆ ತಳ್ಳುವವರಾರು ಎಂದು ಹಾಗೆಯೇ ಬಿಟ್ಟೆ. ಕಂಬದ ಬಳಿ ನಲ್ಲಿ ನೋಡಿಕೊಳ್ಳುತ್ತಿದ್ದ ಗ್ಯಾಸಣ್ಣನಿಗೆ ನಡೆಯುತ್ತಲೇ ಕೂಗಿ ಹೇಳಿದೆ: "ಎಡದ್ದು ಮುಚ್ಚಿಬಿಟ್ಟು ಬಾ, ಊಟಕ್ಕೆ ಹೋಗೋಣ."

ಯಾವ ಎಡ ಎನ್ನಲಿಲ್ಲ. ಗ್ಯಾಸಣ್ಣ ಹಡಗಿನ ಹಿಂಭಾಗಕ್ಕೆ ಮುಖ ಮಾಡಿ ನಿಂತಿದ್ದ. ನಲ್ಲಿಗಳ ಮೇಲಿನ ಗುರುತಿನ ಮೇಲೆ ಯಾರೋ ಎಂದೋ ಬಣ್ಣ ಬಳಿದಿದ್ದರು. ಅವನು ತನ್ನ ಎಡಗೈಗೆ ಸಿಕ್ಕಿದ ನಲ್ಲಿ ಮುಚ್ಚಿದ. ಅದು ಹಡಗಿನ ಬಲದ್ದು.

ಊಟವಾದ ಮೇಲೆ ಅವತ್ತು ಸುರಕ್ಷತೆಯ ಬಗ್ಗೆ ಭಾಷಣವಿತ್ತು. ಅದನ್ನು ಕೇಳುತ್ತ ನಾನು ತೂಕಡಿಸಿದೆ. ಒಂದೂವರೆ ಗಂಟೆ ಕಾಲ ಮೂರು ರಬ್ಬರ್ ಪೈಪುಗಳು ಎಡ ತೊಟ್ಟಿಯ ಮೂರನೆಯ ಖಾನೆಗೆ ಸದ್ದಿಲ್ಲದೆ ಆರ್ಗಾನ್ ಸುರಿಯುತ್ತಿದ್ದವು.

ಎರಡೂವರೆಗೆ ನನ್ನಾಕೆ ಎಡ ತೊಟ್ಟಿಯ ಬಾಯಿಯ ಬಳಿಗೆ ಬಂದಳು. ಮಾವ ಮೀಟರ್ ಇಳಿಬಿಟ್ಟರು, ಗಾಳಿ ಸರಿಯಾಗಿತ್ತು. ಹಗ್ಗ ಮೊದಲನೆಯ ಖಾನೆಗಷ್ಟೇ ಮುಟ್ಟುತ್ತಿತ್ತು. "ಬಿಲ್ಲೆ ಹುಷಾರು ಅಪ್ಪಾ, ಕಾಗೆ ಎತ್ಕೊಂಡು ಹೋದೀತು," ಎಂದು ಹೇಳಿ ಅವಳು ಇಳಿದಳಂತೆ. ನಾನು ಕಂಬದ ಬಳಿ ನಕ್ಷೆ ಹರಡಿಕೊಂಡು ನಿಂತಿದ್ದೆ, ನಲವತ್ತು ಹೆಜ್ಜೆ ದೂರದಲ್ಲಿ.

ಸ್ವಲ್ಪ ಹೊತ್ತಿಗೆ ಬಲಗಡೆಯ ಬಾಯಿಯಿಂದ ಬೆಸುಗೆಯವನ ತಲೆ ಮೇಲೆದ್ದಿತು. "ಮೇಸ್ತ್ರೀ, ನಮಗೆ ಗ್ಯಾಸ್ ಬರ್ತಿಲ್ಲ."

"ಬರದೆ ಏನು, ಸರಿಯಾಗಿ ನೋಡು," ಎಂದು ಹೇಳುತ್ತಲೇ ಕಂಬದ ಕಡೆ ತಿರುಗಿದೆ. ಬಲದ ನಲ್ಲಿ ಮುಚ್ಚಿತ್ತು. ಎಡದ್ದು ಪೂರಾ ತೆರೆದಿತ್ತು. ಅವಳು ಆ ತೊಟ್ಟಿಗೇ ಇಳಿದದ್ದನ್ನು ನೋಡಿದ್ದೆ. ನಲ್ಲಿ ಮುಚ್ಚಿ ಓಡಿದೆ. ಆ ನಲವತ್ತು ಹೆಜ್ಜೆ ನಾನು ಈಗಲೂ ಕನಸಿನಲ್ಲಿ ಓಡುತ್ತಿರುತ್ತೇನೆ.

ಮಾವ ಬಾಯಿಯ ಮೇಲೆ ಬಗ್ಗಿದ್ದರು. "ಇದ್ದೀಯಾ?" ಎಂದು ಕೂಗಿದರು. ಒಳಗಿನಿಂದ ಏನೂ ಬರಲಿಲ್ಲ. "ಇದ್ದೀಯಾ ಮಗಳೇ?"

"ಆರ್ಗಾನ್," ಎಂದೆ. "ಮಾವ, ಒಳಗೆ ಆರ್ಗಾನ್ ತುಂಬಿದೆ."

ಅವರು ಅಪಾಯದ ಗಂಟೆಯ ಗುಂಡಿ ಒತ್ತಿದರು. ಆಮೇಲೆ, ನಾನು ಏಣಿಗೆ ಕಾಲಿಡುವಷ್ಟರಲ್ಲಿ, ಎರಡೂ ಕಾಲು ಒಳಗೆ ಇಳಿಬಿಟ್ಟು ಬಾಯಿಯ ಅಂಚಿನ ಮೇಲೆ ಕೂತುಬಿಟ್ಟರು. ಸುತ್ತಲಿನ ಬೋಲ್ಟುಗಳನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದರು. ಓಡಿ ಬಂದ ಗ್ಯಾಸಣ್ಣನಿಂದ ಗಾಳಿಯ ಪೈಪು ತರಿಸಿ ತಮ್ಮ ತೊಡೆಯ ಪಕ್ಕದಿಂದ ಒಳಗೆ ತೂರಿಸಿಕೊಂಡರು. ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಬಿಡಲಿಲ್ಲ.

"ಏಳಿ ಮಾವ."

"ಉಸಿರಿನ ಸಿಲಿಂಡರ್ ಬರ್ಲಿ."

"ಅವಳು ಒಳಗಿದ್ದಾಳೆ."

"ಗೊತ್ತು."

"ಉಸಿರು ಹಿಡ್ಕೊಂಡು ಹೋಗಿ ಎಳ್ಕೊಂಡು ಬಂದುಬಿಡ್ತೀನಿ. ಏಳಿ."

"ಮೂರನೇ ಖಾನೆ. ಎರಡು ಕಂಡಿ ದಾಟ್ಬೇಕು. ಹೋಗ್ತೀರಿ, ಬರಲ್ಲ."

ಆಮೇಲೆ ನಡೆದದ್ದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ. ಮದುವೆಯ ದಿನದಿಂದ ಬಹುವಚನ ಬಿಟ್ಟು ಮಾತಾಡಿಸದಿದ್ದ ಮಾವನನ್ನು ನಾನು ಏಕವಚನಕ್ಕಿಳಿಸಿದೆ. "ಏಳೋ ಮುದುಕಾ. ನಿನ್ನ ಮಗಳಲ್ವೇನೋ ಅವಳು? ಪುಕ್ಕಲ ನನ್ಮಗನೇ, ಏಳೋ," ಎಂದು ಕೆನ್ನೆಗೆ ಬಾರಿಸಿದೆ. ಏಳಲಿಲ್ಲ. ಮುಷ್ಟಿ ಕಟ್ಟಿ ಹೊಡೆದೆ. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಕೂದಲು ಹಿಡಿದು ಎಳೆದೆ. ಗ್ಯಾಸಣ್ಣನೂ ಬಂದು ಅವರ ಕೈ ಬಿಡಿಸಲು ಹೋದ. ಮಾವ ಅವನ ಮುಂಗೈ ಕಚ್ಚಿದರು.

"ಹೊಡೀರಿ ಅಳಿಯಂದ್ರೇ," ಎಂದರು. "ಎಷ್ಟು ಬೇಕಾದ್ರೂ ಹೊಡೀರಿ. ಸಿಲಿಂಡರ್ ಬರೋವರೆಗೂ ನಾನು ಏಳಲ್ಲ."

ಅಷ್ಟು ಏಟಿನ ನಡುವೆಯೂ ನಡುನಡುವೆ ತಲೆ ತಗ್ಗಿಸಿ, ತಮ್ಮ ಎರಡು ಕಾಲುಗಳ ನಡುವಿನ ಕತ್ತಲೆಗೆ "ಇದ್ದೀಯಾ?" ಎಂದು ಕೇಳುತ್ತಿದ್ದರು. ಯಾರೂ ಉತ್ತರ ಕೊಡುತ್ತಿರಲಿಲ್ಲ. ಆ ಧ್ವನಿಯಲ್ಲಿ ಎಂದಿನ ಕಿರಿಕಿರಿ ಇರಲಿಲ್ಲ, ಅಳುವೂ ಇರಲಿಲ್ಲ. ನನಗೆ ಅವಳು ಸತ್ತೇ ಹೋದಳು ಅನ್ನಿಸಿತು. ಅವಳನ್ನು ಕೊಂದದ್ದು ನನ್ನ ಒಂದು ಮಾತು, ಸಾಯಲು ಬಿಟ್ಟದ್ದು ಅವಳ ಅಪ್ಪ ಎಂದುಕೊಂಡೆ.

ಗಂಟೆ ಹೊಡೆದದ್ದಕ್ಕೂ ಸಿಲಿಂಡರ್ ಹೊತ್ತ ಇಬ್ಬರು ಬಂದದ್ದಕ್ಕೂ ನಡುವೆ ಆರು ನಿಮಿಷ ಎಂದು ದಾಖಲೆಯಲ್ಲಿದೆ. ಅವರು ಬಂದೊಡನೆ ಮಾವ ತಾವಾಗಿಯೇ ಕಾಲು ಮೇಲೆತ್ತಿಕೊಂಡು ಪಕ್ಕಕ್ಕೆ ಉರುಳಿದರು. ಆ ಇಬ್ಬರು ಇಳಿದರು. ಅವಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ತಂದಾಗ ತುಟಿ ನೀಲಿಯಾಗಿತ್ತು. ಆದರೆ ಉಸಿರಿತ್ತು.

ಕುಸಿಯುವಾಗ ಪೈಪಿನ ಅಡಿಯ ಕಬ್ಬಿಣದ ಆಧಾರಕ್ಕೆ ಅವಳ ಎದೆ ಸಿಕ್ಕಿಕೊಂಡಿತ್ತಂತೆ. ಮುಖ ನೆಲ ಮುಟ್ಟದೆ ಒಂದು ಮೊಳ ಮೇಲೆ ಜೋತುಬಿದ್ದಿತ್ತು. ಅಲ್ಲಿ ಗಾಳಿ ಕಡಿಮೆ, ಆದರೆ ಇತ್ತು. ಅದಕ್ಕಿಂತ ಕೆಳಗೆ ಇರಲೇ ಇಲ್ಲ. ಇಳಿದವರಲ್ಲೊಬ್ಬ ಇದನ್ನು ಹೇಳಿದ. ನಾನು ಹೋಗಿದ್ದರೆ ಮೊದಲು ಮಾಡುತ್ತಿದ್ದದ್ದು ಅವಳನ್ನು ಬಿಡಿಸಿ ಕೆಳಗೆ ಮಲಗಿಸುವ ಕೆಲಸ.

ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಮಾವನೂ ಅತ್ತೆಯೂ ಕೂತಿದ್ದೆವು. ಅವಳಿಗೆ ಎಚ್ಚರ ಬಂದಿರಲಿಲ್ಲ. ಬಂದರೂ ಹೇಗಿರುತ್ತಾಳೆ ಎಂದು ವೈದ್ಯರು ಹೇಳುತ್ತಿರಲಿಲ್ಲ. ಮಾವನ ಒಂದು ಕಣ್ಣು ಊದಿ ಮುಚ್ಚಿತ್ತು. ಒಬ್ಬಳು ದಾದಿ ಬಂದು "ಯಾರಮ್ಮಾ ಈ ಅಜ್ಜನಿಗೆ ಹೀಗೆ ಹೊಡೆದದ್ದು?" ಎಂದು ಅತ್ತೆಯನ್ನು ಕೇಳಿದಳು. ಅತ್ತೆ ನನ್ನ ಕಡೆ ನೋಡದೆ, "ಕೆಲಸದಲ್ಲಿ ಬಿದ್ರು," ಎಂದರು.

ಅತ್ತೆ ನೀರು ತರಲು ಹೋದಾಗ ನಾನು ಎಡದ ವಿಷಯ ಹೇಳಿದೆ.

"ಯಾವ ಎಡ ಅಂತ ಹೇಳ್ಲಿಲ್ವಾ?"

"ಇಲ್ಲ."

"ನಾನೂ ಮೀಟರ್ ಮೊದಲ್ನೇ ಖಾನೆಗಷ್ಟೇ ಬಿಟ್ಟೆ. ಇಪ್ಪತ್ತೈದು ವರ್ಷದಿಂದ ಅಷ್ಟೇ ಬಿಡ್ತಿದ್ದೀನಿ. ಹಗ್ಗ ಅಷ್ಟೇ ಇದೆ ಅಂತ. ಆ ಮೂರನೇ ಖಾನೆ ಯಾರು ನೋಡ್ತಾರೆ ಅಂತ ಒಂದು ದಿನನೂ ಯೋಚ್ನೆ ಮಾಡ್ಲಿಲ್ಲ," ಎಂದರು.

"ಮಾವ, ನಾನು ನಿಮ್ಮ ಮೇಲೆ ಕೈ ಮಾಡಿದ್ದು..."

"ಅದು ಒಳ್ಳೇದೇ ಆಯ್ತು."

ನನಗೆ ಅರ್ಥವಾಗಲಿಲ್ಲ. ಅವರು ಗೋಡೆಯ ಕಡೆ ನೋಡುತ್ತ ಹೇಳಿದರು: "ನನ್ನ ಕಾಲು ಏಣಿ ಮೇಲೇ ಇತ್ತಲ್ಲ ಅಳಿಯಂದ್ರೇ. ನೀವು ಇಲ್ದಿದ್ರೆ ಆಗ್ಲೇ ಇಳಿದುಬಿಡ್ತಿದ್ನೇನೋ. ನೀವು ಹೊಡೀತಾ ಇದ್ರಿ, ನಿಮ್ಮನ್ನ ತಡೆಯೋ ಕೆಲಸ ಒಂದಿತ್ತು. ಒಂದು ನಿಮಿಷ ನನ್ನ ಪಾಡಿಗೆ ಬಿಟ್ಟಿದ್ರೂ ನಾನೇ ಹೋಗಿಬಿಡ್ತಿದ್ದೆ." ಅಷ್ಟು ಹೇಳಿ ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತರು. ನಾನು ಅವರ ಬೆನ್ನು ಸವರಲೋ ಬೇಡವೋ ತಿಳಿಯದೆ ಕೂತೇ ಇದ್ದೆ.

ಮರುದಿನ ಬೆಳಿಗ್ಗೆ ಅವಳು ಕಣ್ಣು ತೆರೆದಳು. ಅಪ್ಪನ ಮುಖ ನೋಡಿ, "ಯಾರು ಹೊಡೆದ್ರು?" ಎಂದಳು. ಮಾವ "ಬಿದ್ದೆ" ಎಂದರು. ಅವಳ ಕಣ್ಣು ನನ್ನ ಬೆರಳ ಗೆಣ್ಣುಗಳ ಮೇಲಿನ ಗಾಯಕ್ಕೆ ಬಂದು ನಿಂತಿತು. ನಾನೇ ಎಲ್ಲ ಹೇಳಿದೆ. ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ವಿಚಾರಣೆಯಲ್ಲಿ ಗ್ಯಾಸಣ್ಣನದು ತಪ್ಪಿಲ್ಲವೆಂದು ನನ್ನ ಕೈಬರಹದಲ್ಲೇ ಬರೆದುಕೊಟ್ಟೆ. ಮೇಸ್ತ್ರಿಕೆ ಹೋಯಿತು. ಅದು ಹೋಗಬೇಕಾದದ್ದೇ.

ಎರಡು ತಿಂಗಳ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಬೇಡವೆಂದು ನಾನು ಗೋಗರೆದೆ, ಅತ್ತೆ ಜಗಳವಾಡಿದರು. ಅವಳು ಅರ್ಧಕ್ಕೆ ಬಿಟ್ಟಿದ್ದ ಅದೇ ತೊಟ್ಟಿ ಇನ್ನೂ ಬಾಕಿಯಿತ್ತು. ನಾವು ಮೂವರೂ ಒಟ್ಟಿಗೇ ಬಾಯಿಯ ಬಳಿ ಹೋದಾಗ ಮಾವ ಡಬ್ಬದ ಮೇಲೆ ಕೂರಲಿಲ್ಲ. ಉಸಿರಿನ ಸಿಲಿಂಡರ್ ಬೆನ್ನಿಗೇರಿಸಿಕೊಂಡು ಪಟ್ಟಿ ಬಿಗಿಯತೊಡಗಿದರು. ಮೂರು ಸಲ ಕೊಂಡಿ ತಪ್ಪಿತು, ಕೊನೆಗೆ ಹಾಕಲು ಮಗಳೇ ಬರಬೇಕಾಯಿತು.

"ಎಲ್ಲಿಗಪ್ಪಾ?"

"ಮೂರನೇ ಖಾನೆಗೆ. ಮೀಟರ್ ಇನ್ಮೇಲೆ ಕೈಯಲ್ಲೇ ಹೋಗ್ಬೇಕು, ಹಗ್ಗದಲ್ಲಲ್ಲ. ನಾನು ನೋಡಿ ಬಂದ್ಮೇಲೆ ನೀನು ಇಳಿ." ಇಪ್ಪತ್ತೈದು ವರ್ಷ ಯಾವ ತೊಟ್ಟಿಗೂ ಕಾಲಿಡದವರು ನನ್ನ ಕಡೆ ತಿರುಗಿದರು. "ನೀವು ಇಲ್ಲಿ ಕೂತ್ಕೊಳ್ಳಿ ಅಳಿಯಂದ್ರೇ. ನಾನು ಬರದೇ ಹೋದ್ರೆ ಯಾರನ್ನೂ ಇಳಿಯೋಕೆ ಬಿಡ್ಬೇಡಿ. ಅವಳನ್ನಂತೂ ಬಿಡ್ಲೇಬೇಡಿ."

ಅವರು ಇಳಿದರು. ನಾನು ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತೆ. ಒಳಗಿನ ತಣ್ಣನೆಯ ಗಾಳಿ ಪಾದಕ್ಕೆ ಸೋಕುತ್ತಿತ್ತು. ಸಿಲಿಂಡರ್ ಉಕ್ಕಿಗೆ ಉಜ್ಜುವ ಸದ್ದು ಮೊದಲನೆಯ ಕಂಡಿಯಲ್ಲಿ ಕೇಳಿಸಿತು, ಎರಡನೆಯದರಲ್ಲಿ ಸಣ್ಣಗೆ ಕೇಳಿಸಿತು. ಆಮೇಲೆ ನಿಂತಿತು. ನಾನು ಎಣಿಸತೊಡಗಿದೆ. ಅರವತ್ತಾಯಿತು, ನೂರಾಯಿತು. ಹಿಂದೆ ನಿಂತಿದ್ದ ಅವಳ ಕೈ ನನ್ನ ಹೆಗಲ ಮೇಲೆ ಬಂತು.

"ಏಳಿ," ಎಂದಳು. "ನಾನು ನೋಡಿ ಬರ್ತೀನಿ."

ನಾನು ಬೋಲ್ಟುಗಳನ್ನು ಹಿಡಿದುಕೊಂಡೆ. ಅವಳು ಹೆಗಲು ಹಿಡಿದು ಅಲುಗಿಸಿದಳು, ಬೆನ್ನಿಗೆ ಗುದ್ದಿದಳು, "ನಮ್ಮಪ್ಪ ಕಣ್ರೀ ಒಳಗಿರೋದು," ಎಂದಳು. ಅವಳ ಒಂದೊಂದು ಗುದ್ದೂ ನನ್ನನ್ನು ಅಲ್ಲೇ ಕೂರಿಸುತ್ತಿತ್ತು.

ಇನ್ನೂರ ಹದಿನಾಲ್ಕಕ್ಕೆ ಮತ್ತೆ ಉಜ್ಜುವ ಸದ್ದು ಕೇಳಿಸಿತು. ಮಾವ ಏಣಿಯ ಬುಡಕ್ಕೆ ಬಂದು ಮುಖವಾಡ ತೆಗೆದರು. ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಪ್ರತಿ ಮೂಲೆಯಲ್ಲೂ ಮೀಟರ್ ಇಟ್ಟು ನೋಡಿದ್ದಕ್ಕೆ ತಡವಾಯಿತಂತೆ. "ಗಾಳಿ ಸರಿಯಾಗಿದೆ," ಎಂದರು. "ಏಳಿ ಅಳಿಯಂದ್ರೇ, ಅವಳು ಇಳೀಲಿ."

ನಾನು ಏಳಲು ನೋಡಿದೆ. ಬೋಲ್ಟಿನಿಂದ ಬೆರಳು ಬಿಡಲಿಲ್ಲ. ಅವಳೇ ಬಗ್ಗಿ ಒಂದೊಂದಾಗಿ ಬಿಡಿಸಿದಳು.